ಅಕ್ಕನ ಐದು ಚೀಟಿ

ಚೀಟಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಿಘಂಟು ಕಚೇರಿಯಲ್ಲಿ ಮೂವತ್ತೊಂದು ವರ್ಷ ಪದ ಕೂಡಿಹಾಕಿದವರು, ಅಷ್ಟೇ. ಅಂಗಿ ಜೇಬಿನಲ್ಲಿ ಅಂಗೈಯಗಲದ ಚೀಟಿಗಳ ಕಟ್ಟು, ಕಿವಿಯ ಮೇಲೊಂದು ಪೆನ್ಸಿಲ್ಲು. ಕಮ್ಮಾರನ ಕುಲುಮೆಯೋ, ಚರ್ಮ ಒಣಗಿಸುವ ಅಂಗಳವೋ, ಅರ್ಧ ಕಟ್ಟಿದ ಮನೆಯೋ, ಎಲ್ಲೆಂದರಲ್ಲಿ ಹೋಗಿ ನಿಂತು, ಕೆಲಸ ಮಾಡುವವರ ಬಾಯಿಂದ ಬಿದ್ದ ಮಾತನ್ನು ಬಿದ್ದ ಹಾಗೇ ಹೆಕ್ಕಿಕೊಂಡು ಬರುವುದು ಅವರ ಉದ್ಯೋಗ. ಇದಕ್ಕೂ ಸಂಬಳ ಕೊಡ್ತಾರಾ ಎಂದು ಕೇಳಿದವರು ಎಷ್ಟೋ ಜನ. ಕೊಡುತ್ತಿದ್ದರು, ಮಹಾರಾಯರೆ.

ಒಂದು ಸಲ ಬಸ್ಸಿನ ಡ್ರೈವರು ಪಕ್ಕದಲ್ಲಿದ್ದ ಹೊಸಬನಿಗೆ, "ಕ್ಲಚ್ಚು ಹದವಾಗಿ ಬಿಡಬೇಕಪ್ಪಾ, ಒದ್ದು ಬಿಟ್ರೆ ಗಾಡಿ ಮುನಿಸ್ಕೊಳ್ಳುತ್ತೆ" ಅಂದದ್ದೇ ತಡ, ಮೇಷ್ಟ್ರು ಚೀಟಿ ತೆಗೆದು ಮುಂದಿನ ಸೀಟಿಗೆ ಹಾರಿದರು. ಅವರು ಇಳಿಯಬೇಕಾದ ನಿಲ್ದಾಣ ಹೋಯಿತು, ಅದರ ಮುಂದಿನದೂ ಹೋಯಿತು. ಕೊನೆಗೆ ಡ್ರೈವರೇ ತಿರುಗಿ, "ಯಜಮಾನ್ರೇ, ಗಾಡಿ ಇನ್ನು ಇಲ್ಲೇ ಮಲಗುತ್ತೆ. ನೀವೂ ಮಲಗ್ತೀರಾ?" ಎಂದ. ಮೇಷ್ಟ್ರು ಆ ವಾಕ್ಯವನ್ನೂ ಬರೆದುಕೊಂಡರು.

ಕಚೇರಿಯ ಕಟ್ಟುನಿಟ್ಟು ಹೀಗಿತ್ತು. ಚೀಟಿಯ ಎಡಮೂಲೆಯಲ್ಲಿ ಪದ, ಬಲಮೂಲೆಯಲ್ಲಿ ಕಸುಬು, ನಡುವೆ ಆಡಿದ ವಾಕ್ಯ, ಕೆಳಗೆ ತಾರೀಕು ಮತ್ತು ಆಡಿದವರು ಯಾರು ಎಂಬುದು. ವಾಕ್ಯವನ್ನು ತಾವೇ ಕಟ್ಟುವಂತಿಲ್ಲ, ತಿದ್ದುವಂತಿಲ್ಲ. "ನಿಮಗೇನು ಗೊತ್ತು ಅನ್ನೋದು ನಂಗೆ ಬೇಡ. ಕಸುಬು ಮಾಡೋರು ಏನಂದ್ರು, ಅದು ಬೇಕು" ಎಂದು ಸಂಪಾದಕರು ಮೊದಲ ದಿನವೇ ಹೇಳಿದ್ದರು. ಈ ಮಾತನ್ನು ಮೇಷ್ಟ್ರು ಎಷ್ಟು ತಲೆಗೆ ಹಾಕಿಕೊಂಡರೆಂದರೆ, ತಮಗೆ ಗೊತ್ತಿದ್ದದ್ದನ್ನೂ ತಾವು ನಂಬದ ಹಾಗಾದರು. ಚೀಟಿಗಳು ಅಕ್ಷರದ ಸಾಲಿನಲ್ಲಿ ಮರದ ಖಾನೆಗಳಿಗೆ ಹೋಗುತ್ತಿದ್ದವು. ತಾರೀಕನ್ನು ಬರೆಯುತ್ತಿದ್ದರೇ ಹೊರತು ತಿರುಗಿ ನೋಡುವವರು ಯಾರೂ ಇರಲಿಲ್ಲ.

ಅಕಾರದಿಂದ ಹೊರಟ ನಿಘಂಟು ಹಕಾರಕ್ಕೆ ಬರುವ ಹೊತ್ತಿಗೆ ಮೇಷ್ಟ್ರ ತಲೆ ನೆರೆತಿತ್ತು. ಹಕಾರದಲ್ಲಿ ಅವರ ಜೀವ ತಿಂದ ಪದ 'ಹದ'. ದಿನಾ ಎಲ್ಲರೂ ಆಡುವ ಮಾತು, ಎರಡೇ ಅಕ್ಷರ. ಆದರೆ ಕಮ್ಮಾರನಿಗೆ ಅದು ಕೆಂಪಗೆ ಕಾದ ಉಳಿಯನ್ನು ನೀರಿಗೆ ಅದ್ದುವ ಗಳಿಗೆ. ಚರ್ಮದವನಿಗೆ ತೊಗಲನ್ನು ತಿಂಗಳುಗಟ್ಟಲೆ ತೊಗಟೆ ನೀರಿನಲ್ಲಿ ನೆನೆಸಿ ಮಾಡುವ ಕೆಲಸ. ಗಾರೆಯವನು ಕರಣೆಯಿಂದ ಒಂದು ಮುದ್ದೆ ಗೋಡೆಗೆ ಎಸೆದು, ಅದು ಜಾರದೆ ನಿಂತರೆ "ಹದ ಬಂತು" ಎನ್ನುತ್ತಿದ್ದ. ಬಟ್ಟೆಯನ್ನು ಬಣ್ಣದ ತೊಟ್ಟಿಗೆ ಅದ್ದುವ ಹೆಂಗಸಿಗೆ ಹದ ಇದ್ದದ್ದು ಮೂಗಿನಲ್ಲಿ. "ತೊಟ್ಟಿ ವಾಸನೆ ತಿರುಗಿದ್ರೆ ಹದ ಕೆಟ್ಟಿತು ಅಂತ, ಕಣ್ಣಿಗೇನೂ ಕಾಣಲ್ಲ" ಎಂದಿದ್ದಳು. ಎಲ್ಲರಿಗೂ ಅದೇ ಪದ, ಒಬ್ಬರದು ಇನ್ನೊಬ್ಬರಿಗೆ ನಾಲ್ಕಾಣೆ ಉಪಯೋಗಕ್ಕೂ ಬಾರದು. ಮೇಷ್ಟ್ರು ಇದನ್ನು ಹೇಳಿಕೊಂಡು ಮಕ್ಕಳ ಹಾಗೆ ಹಿಗ್ಗುತ್ತಿದ್ದರು.

ಕುಂಬಾರಿಕೆಯ ಹದಕ್ಕೆ ಅವರು ದೂರ ಹೋಗಬೇಕಿರಲಿಲ್ಲ. ಅಕ್ಕನೇ ಇದ್ದಳು.

ಅಪ್ಪ ಅಮ್ಮ ಹೋದಾಗ ಮೇಷ್ಟ್ರಿಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ಕುಂಬಾರನಾಗಿದ್ದ ಅಪ್ಪನ ತಿಗರಿಯ ಚಕ್ರದ ಮುಂದೆ ಅಕ್ಕ ಕೂತಳು. ತಮ್ಮನಿಗೂ ಮಣ್ಣು ಮಿದಿಯಲು ಕಲಿಸಿದಳು, ಒಂದು ವರ್ಷ ನೋಡಿದಳು. ಅವನು ಮಾಡಿದ ಕುಡಿಕೆಗಳೆಲ್ಲ ಒಂದೇ ಕಡೆಗೆ ವಾಲುತ್ತಿದ್ದವು. "ನಿನ್ನ ಕೈಗೆ ಮಣ್ಣು ಒಲಿಯಲ್ಲ ಕಣೋ. ಅಕ್ಷರ ಒಲಿದ್ರೂ ಒಲಿಯಬಹುದು, ಹೋಗು" ಎಂದು ಊರಾಚೆಯ ವಸತಿ ಶಾಲೆಗೆ ಸೇರಿಸಿ ಬಂದಳು. ಮಡಕೆ ಮಾರಿ ಓದಿಸಿದಳು. ಆಮೇಲೆ ಅವಳ ಮದುವೆ, ಒಬ್ಬಳು ಮಗಳು, ಬೇಗನೇ ಗಂಡನ ಸಾವು. ಇಷ್ಟೆಲ್ಲದರಲ್ಲೂ ತಿಗರಿ ನಿಲ್ಲಲಿಲ್ಲ. ಮೇಷ್ಟ್ರು ಮದುವೆ ಗಿದುವೆ ಎಂದು ಹೋದವರಲ್ಲ. ಅವರ ಪಾಲಿಗೆ ಮನೆಮಂದಿ ಅಂದರೆ ಅಕ್ಕ, ಅಕ್ಕನ ಮಗಳು, ಇಬ್ಬರೇ.

ನಾಲ್ಕೈದು ತಿಂಗಳಿಗೊಮ್ಮೆ ಅಕ್ಕನ ಮನೆಗೆ ಹೋಗುತ್ತಿದ್ದರು. ಹೋದರೆ ಏನು ಬಂತು? ಅಕ್ಕ ಬೆನ್ನು ನೋವು ಎಂದರೆ "ಹೂಂ", ಮನೆ ಸೋರುತ್ತೆ ಎಂದರೆ "ಹೂಂ". ಕಣ್ಣು ಮಾತ್ರ ಹಿಂದಿನ ದಿನ ಬರೆದ ಚೀಟಿಗಳ ಮೇಲೆ. "ಇವನಿಗೂ ಈ ಗೋಡೆಗೂ ಏನು ವ್ಯತ್ಯಾಸ? ಗೋಡೆ ಹೂಂ ಅನ್ನಲ್ಲ, ಅಷ್ಟೇ" ಎಂದು ಅಕ್ಕ ನಗುತ್ತಿದ್ದಳು. ಆದರೆ ಹೊಸ ಚೀಟಿ ತೆಗೆದು, "ಅಕ್ಕಾ, ಹದದ ಮೇಲೆ ಒಂದು ಮಾತು ಹೇಳು" ಎಂದರು ಅನ್ನಿ, ಆಗ ಅವರ ಮೈಯೆಲ್ಲ ಕಿವಿ. ಅವಳ ತುಟಿಯನ್ನೇ ನೋಡುತ್ತ ಕೂರುತ್ತಿದ್ದರು.

ಅಂಥ ಒಂದು ಭೇಟಿಯಿಂದ ಮರಳಿದಾಗ ಅವರ ಸಂಭ್ರಮ ನೋಡಬೇಕಿತ್ತು. ಸಂಪಾದಕರ ಮೇಜಿನ ಮೇಲೆ ಚೀಟಿ ಇಟ್ಟು, "ಯಾವ ಪುಸ್ತಕದಲ್ಲೂ ಇಲ್ಲ ಸಾರ್ ಇದು. ಕುಂಬಾರರು ಮಣ್ಣಿನ ಹದವನ್ನ ಕೆನ್ನೆಗೆ ಮುಟ್ಟಿಸಿ ನೋಡ್ತಾರಂತೆ!" ಎಂದರು. ಆ ಮನೆಯಲ್ಲೇ ಹುಟ್ಟಿದವರು, ಅಪ್ಪ ಹದ ನೋಡಿದ್ದನ್ನು ಕಣ್ಣಾರೆ ಕಂಡವರು, ಅವರಿಗೆ ಒಂದಿಷ್ಟಾದರೂ ಅನುಮಾನ ಬರಬೇಡವೆ? ಬರಲಿಲ್ಲ. ಕಸುಬಿನವಳು ಹೇಳಿದ್ದಾಳೆ, ತಾನು ಯಾರು ಅಲ್ಲ ಎನ್ನಲು?

ಅದಾಗಿ ವರ್ಷದ ಹೊತ್ತಿಗೆ ಅಕ್ಕ ಹೋದಳು, ಕೈ ಸುಟ್ಟ ಮೂರೇ ವಾರದಲ್ಲಿ. ಗೂಡಿನಿಂದ ಮಡಕೆ ತೆಗೆಯುವಾಗ ಎರಡೂ ಅಂಗೈ ಸುಟ್ಟಿತ್ತು. ಸುಟ್ಟದ್ದು ಅವಳಿಗೆ ತಿಳಿಯಲೇ ಇಲ್ಲವಂತೆ. ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದಳು, ಒಳಗೆ ಕೀವಾಯಿತು, ಜ್ವರ ಏರಿತು, ನಂಜು ಮೈಗೆಲ್ಲ ಹರಡಿತು. ಆಸ್ಪತ್ರೆಯ ಪಡಸಾಲೆಯಲ್ಲಿ ಡಾಕ್ಟರು ಮೇಷ್ಟ್ರನ್ನೂ ಅಕ್ಕನ ಮಗಳನ್ನೂ ನಿಲ್ಲಿಸಿಕೊಂಡು, "ಸಕ್ಕರೆ ಕಾಯಿಲೆ. ಬೆರಳಿನ ನರ ಸತ್ತು ಎರಡು ವರ್ಷ ಆಗಿರಬೇಕು. ಆಗಲೇ ಬಂದಿದ್ರೆ ಮಾತ್ರೆಯಲ್ಲೇ ತಡೀಬಹುದಿತ್ತು. ಯಾರಿಗೂ ಹೇಳಿರಲಿಲ್ವಾ ಇವರು?" ಎಂದು ಕೇಳಿದರು.

"ಯಾರಿಗೂ ಹೇಳಿಲ್ಲ ಡಾಕ್ಟ್ರೇ" ಎಂದರು ಮೇಷ್ಟ್ರು. "ನಂಗೆ ಒಂದು ಮಾತು ಹೇಳಿದ್ರೆ ಹೊತ್ಕೊಂಡು ಬರ್ತಿದ್ದೆ."

ಅಕ್ಕನ ಮಗಳು ಗೋಡೆಗೆ ಒರಗಿ ಕುಸಿದು ಕೂತಳು. ಅವಳ ಗಂಡನ ಮನೆ ಎರಡು ಗಂಟೆ ದಾರಿ, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದವಳು. "ಅಮ್ಮನ ಕೈಯಿಂದ ಎರಡು ಸಲ ಲೋಟ ಜಾರಿತು ಮಾವಾ. ನಾನು 'ವಯಸ್ಸಾಯ್ತು ನಿಂಗೆ' ಅಂತ ನಕ್ಕೆ. ಮಗಳಾಗಿ ನಂಗೆ ಗೊತ್ತಾಗಬೇಕಿತ್ತು" ಎಂದು ಎದೆ ಎದೆ ಗುದ್ದಿಕೊಂಡಳು. ಮೇಷ್ಟ್ರು ಅವಳ ತಲೆ ಸವರಿ, "ಅವಳೇ ಹೇಳದಿದ್ದ ಮೇಲೆ ನೀನೇನು ಮಾಡ್ತೀಯಮ್ಮಾ" ಎಂದರು. ಆ ಸಮಾಧಾನ ಅವಳಿಗೆ ಹತ್ತಲಿಲ್ಲ. ವಾರವಾರ ಬಂದು ಅಮ್ಮನ ಮನೆಯ ಬೀಗ ತೆಗೆದು ಕೂರುತ್ತಿದ್ದಳು, ತಿಗರಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಮೇಷ್ಟ್ರಿಗೂ ದುಃಖಕ್ಕಿಂತ ಮುನಿಸೇ ಹೆಚ್ಚಾಗಿತ್ತು. ಸಾಕಿದವಳು, ಓದಿಸಿದವಳು, ಒಂದು ಮಾತು ಹೇಳಬಾರದಿತ್ತೆ? ನಾನೇನು ಪರಕೀಯನೆ? ದಾರಿಯಲ್ಲಿ ಒಬ್ಬರೇ ನಡೆಯುವಾಗ ಹೀಗೆ ಜಗಳ ಆಡುತ್ತಿದ್ದರು. ಎಂಟು ತಿಂಗಳು ಆ ಮುನಿಸನ್ನು ಹೊತ್ತು ತಿರುಗಿದರು.

ಅಷ್ಟರಲ್ಲಿ ಹಕಾರದ ಕರಡು ಅಚ್ಚಾಗಿ ಬಂತು. 'ಹದ' ಎಂಬಲ್ಲಿ ಹದಿನಾಲ್ಕು ಅರ್ಥ. ಏಳನೆಯದರ ಕೆಳಗೆ ಅಕ್ಕನ ವಾಕ್ಯ, ಸಣ್ಣಕ್ಷರದಲ್ಲಿ. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಇದನ್ನು ನೋಡಿದರೆ ಮಗಳ ಮನಸ್ಸಿಗೂ ಒಂದಿಷ್ಟು ತಂಪಾದೀತು ಎಂದು ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದರು.

ಅಕ್ಕನ ಮಗಳು ಅಮ್ಮನ ಮನೆಯ ಜಗಲಿಯ ಮೇಲೆ ಕೂತು ಓದಿದಳು. "ಕುಂಬಾರಿಕೆ. ಮಣ್ಣು ತಿಗರಿಗೆ ಏರಿಸಲು ತಕ್ಕಷ್ಟು ಮೆದುವಾಗಿರುವುದು. ಇದನ್ನು ಕುಂಬಾರರು ಕೆನ್ನೆಗೆ ಮುಟ್ಟಿಸಿ ಪರೀಕ್ಷಿಸುವರು." ಅಲ್ಲಿಗೇ ನಿಲ್ಲಿಸಿ ಹುಬ್ಬು ಗಂಟಿಕ್ಕಿದಳು.

"ಕೆನ್ನೆಗಾ? ಯಾವ ಕುಂಬಾರ್ರು ಕೆನ್ನೆಗೆ ಮುಟ್ಟಿಸ್ತಾರೆ ಮಾವಾ? ಒಂದು ಎಳೆ ಹೊಸೆದು ಬೆರಳಿಗೆ ಸುತ್ತಿ ನೋಡೋದು. ಬಿರುಕು ಬಿಟ್ರೆ ಒಣಗಿದೆ, ಅಂಟಿದ್ರೆ ನೀರು ಜಾಸ್ತಿ. ಅಜ್ಜನ ಕಾಲದಿಂದ ಹಾಗೇ ಅಲ್ವಾ? ನಿಂಗೂ ಗೊತ್ತಲ್ಲ."

"ನಿಮ್ಮಮ್ಮನೇ ಹೇಳಿದ್ದಮ್ಮಾ."

"ಅಮ್ಮ ಯಾಕೆ ಕೆನ್ನೆಗೆ ಮುಟ್ಟಿಸ್ತಾಳೆ? ಬೆರಳಿಗೆ ಏನೂ ಗೊತ್ತಾಗದೆ ಇದ್ರೆ ತಾನೇ..." ಅವಳು ಹಾಳೆಯನ್ನು ಮಡಿಲಿಗೆ ಇಳಿಸಿದಳು. "ಮಾವಾ, ಇದನ್ನ ಯಾವಾಗ ಹೇಳಿದ್ಲು?"

"ತಾರೀಕು ಚೀಟೀಲಿದೆ" ಎಂದರು ಮೇಷ್ಟ್ರು. ನೀರನ್ನೂ ಕುಡಿಯದೆ ಎದ್ದರು.

ಮರುದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವುದನ್ನೇ ಕಾದಿದ್ದು ಒಳಗೆ ಹೋದರು. ಹಕಾರದ ಖಾನೆ ಎಳೆದು, 'ಹದ'ದ ಕಟ್ಟಿನ ದಾರ ಬಿಚ್ಚಿದರು. ಕಮ್ಮಾರ, ಚರ್ಮ, ಗಾರೆ, ಬಣ್ಣ, ಬಸ್ಸಿನ ಡ್ರೈವರು, ಎಲ್ಲವನ್ನೂ ಬದಿಗಿಟ್ಟರು. ಕುಂಬಾರಿಕೆಯ ಚೀಟಿ ಐದಿದ್ದವು. ಐದೂ ಅಕ್ಕನವೇ. ವಾಕ್ಯದ ಮೊದಲಕ್ಷರದ ಸಾಲಿನಲ್ಲಿ ಜೋಡಿಸಿಟ್ಟಿದ್ದುದರಿಂದ ಹಿಂದುಮುಂದಾಗಿದ್ದವು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವರು ಚೀಟಿಗಳನ್ನು ತಾರೀಕಿನ ಪ್ರಕಾರ ಇಟ್ಟು ಓದಿದರು.

"ಹದ ಕೈಗೆ ತಾನಾಗೇ ಗೊತ್ತಾಗುತ್ತೆ, ಕೇಳೋದೇ ಬೇಡ."

"ಈಚೆಗೆ ಬೆಳಿಗ್ಗೆ ಹೊತ್ತು ಹದ ಕೈಗೆ ಸಿಗೋದು ತಡ ಆಗ್ತಿದೆ."

"ಬಂತೋ ಇಲ್ವೋ ಅಂತ ಹದಾನ ಈಗ ಕೆನ್ನೆಗೆ ಮುಟ್ಟಿಸಿ ನೋಡ್ತೀನಿ."

"ಪಕ್ಕದ ಮನೆಯವಳನ್ನ ಕರೆದು ಹದ ಬಂದಿದೆಯಾ ನೋಡೇ ಅಂತೀನಿ."

"ಹದ ಅನ್ನೋದು ನಂಗೀಗ ನೆನಪು ಮಾತ್ರ ಕಣೋ, ಕೈಯಲ್ಲಿಲ್ಲ."

ಐದೂ ಅವರದೇ ಮುದ್ದಾದ ಅಕ್ಷರ. ಕೊನೆಯದು ಅಕ್ಕ ಆಸ್ಪತ್ರೆ ಸೇರುವ ಹತ್ತು ವಾರ ಮೊದಲಿನದು. ಅದರ ಅಂಚಿನಲ್ಲಿ ಸಂಪಾದಕರಿಗೆಂದು ಮೇಷ್ಟ್ರೇ 'ಒಳ್ಳೆಯ ಪ್ರಯೋಗ' ಎಂದು ಗುರುತು ಹಾಕಿದ್ದರು.

ಒಳ್ಳೆಯ ಪ್ರಯೋಗ! ಅವರಿಗೆ ತಮ್ಮ ಕೈಯನ್ನೇ ಕತ್ತರಿಸಿ ಹಾಕಬೇಕೆನ್ನಿಸಿತು. ಖಾನೆಯ ಮೇಲೆ ತಲೆಯಿಟ್ಟು, ವಯಸ್ಸಾದ ಗಂಡಸು, ಗಟ್ಟಿಯಾಗಿ ಅತ್ತರು. ಸಂಪಾದಕರು ಗಾಬರಿಯಿಂದ ಓಡಿಬಂದು ಭುಜ ಹಿಡಿದರು. ಮೇಷ್ಟ್ರು ಕರಡಿನ ಏಳನೆಯ ಅರ್ಥದ ಮೇಲೆ ಬೆರಳಿಟ್ಟು, "ಇದನ್ನ ಹೊಡೆದುಹಾಕಿ ಸಾರ್. ಇದು ಕಸುಬಿನ ಮಾತಲ್ಲ, ಕಾಯಿಲೆಯ ಮಾತು" ಎಂದರು. ಸಂಪಾದಕರು ಐದು ಚೀಟಿಗಳನ್ನೂ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು, ಕೆಂಪು ಪೆನ್ನಿನಿಂದ ಆ ಸಾಲಿಗೆ ಗೀಟು ಎಳೆದರು. ಕಚೇರಿಯ ಚೀಟಿ ಹೊರಗೆ ಹೋಗಬಾರದೆಂಬ ನಿಯಮವಿತ್ತು. ಆ ದಿನ ಇಬ್ಬರೂ ಆ ಮಾತು ಎತ್ತಲಿಲ್ಲ, ಮೇಷ್ಟ್ರು ಐದನ್ನೂ ಜೇಬಿಗಿಟ್ಟುಕೊಂಡರು.

ಬಸ್ಸಿನಲ್ಲಿ ಮೇಷ್ಟ್ರು ಯಾರ ಮಾತನ್ನೂ ಬರೆದುಕೊಳ್ಳಲಿಲ್ಲ. ಹೋಗದೆ ಇರಬಹುದಿತ್ತು. ತಾರೀಕು ಸಿಗಲಿಲ್ಲ ಎಂದರೂ ಆಗುತ್ತಿತ್ತು. ಆದರೆ ಆ ಹೆಣ್ಣು ಎಂಟು ತಿಂಗಳಿಂದ ತಾನೇ ಅಮ್ಮನನ್ನು ಕೊಂದೆ ಎಂದುಕೊಂಡು ಬೇಯುತ್ತಿದ್ದಾಳೆ. ಆ ಭಾರ ತಮ್ಮದು, ಅದನ್ನು ಇಸಿದುಕೊಳ್ಳಲೇಬೇಕು.

ಅವಳು ಗಂಡನ ಮನೆಗೆ ಮರಳದೆ ಅಮ್ಮನ ಮನೆಯ ಹೊಸ್ತಿಲಲ್ಲೇ ಕಾದಿದ್ದಳು. ಮೇಷ್ಟ್ರು ಐದು ಚೀಟಿಗಳನ್ನು ಜಗಲಿಯ ಮೇಲೆ ಸಾಲಾಗಿ ಹರಡಿ, "ನಿಮ್ಮಮ್ಮ ಯಾರಿಗೂ ಹೇಳಿಲ್ಲ ಅಂದಿದ್ದೆ. ಸುಳ್ಳು ಕಣಮ್ಮಾ. ನಂಗೆ ಹೇಳಿದ್ಲು. ಮತ್ತೆ ಮತ್ತೆ ಹೇಳಿದ್ಲು" ಎಂದರು.

ಅವಳು ಒಂದೊಂದನ್ನೇ ಎತ್ತಿ ಓದಿದಳು. ಓದಿದ್ದನ್ನು ಮಡಿಲಲ್ಲಿ ಇಟ್ಟುಕೊಂಡಳು. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

"ನೀನು ಚೀಟಿ ತೆಗೆದಾಗ ಮಾತ್ರ ಅವಳ ಮುಖ ನೋಡ್ತಿದ್ದೆ ಮಾವಾ" ಎಂದಳು. "ಅದಕ್ಕೇ ಆಗ ಹೇಳಿದ್ದಾಳೆ."

ಅವಳು ಕೊನೆಯ ಚೀಟಿಯನ್ನು ಅವರ ಮುಂದೆ ಹಿಡಿದಳು.

"ಇದನ್ನ ಹೇಳಿದಾಗ ನೀನು ಏನಂದೆ?"

ಕೇಳಿದವರು ಏನೆಂದರು ಎಂದು ಬರೆಯಲು ಚೀಟಿಯಲ್ಲಿ ಜಾಗವಿರುವುದಿಲ್ಲ. ಆದರೆ ಮೇಷ್ಟ್ರಿಗೆ ನೆನಪಿತ್ತು. ಅಕ್ಕ ಅವತ್ತು ಇದೇ ಜಗಲಿಯ ಮೇಲೆ, ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದಳು.

"'ಇನ್ನೊಂದ್ಸಲ ನಿಧಾನವಾಗಿ ಹೇಳಕ್ಕಾ, ಬರ್ಕೋತೀನಿ' ಅಂದೆ."

"ಹೇಳಿದ್ಲಾ?"

"ಹೇಳಿದ್ಲು ಕಣಮ್ಮಾ" ಎಂದರು ಮೇಷ್ಟ್ರು. "ನಿಧಾನವಾಗೇ ಹೇಳಿದ್ಲು."