ಕನ್ನಡ ಮಾಧ್ಯಮಕ್ಕೆ ಇಂಗ್ಲಿಷ್ ಸಾಕ್ಷಿ

ಇಂಜಿನಿಯರಿಂಗ್ ಸೀಟಿಗೆ ದಾಖಲೆ ತೋರಿಸಲು ಅವತ್ತೇ ಕೊನೆಯ ದಿನ. ಕನ್ನಡ ಮಾಧ್ಯಮದ ಮೀಸಲಾತಿ ತಪ್ಪಿದರೆ ಮಗಳಿಗೆ ಸೀಟೇ ಇಲ್ಲ. ಅವಳ ಶಾಲೆಯ ಪ್ರಮಾಣಪತ್ರ ನೋಡಿದ ಕೌಂಟರಿನ ಗುಮಾಸ್ತರು, "ಇದು ಕನ್ನಡದಲ್ಲಿದೆ ಕಣ್ರೀ, ಇಂಗ್ಲಿಷಲ್ಲಿ ಬರೆಸ್ಕೊಂಡು ಬನ್ನಿ," ಅಂದರು. ಕನ್ನಡದಲ್ಲಿ ಓದಿದ್ದಕ್ಕೆ ಇಂಗ್ಲಿಷಲ್ಲೇ ಸಾಕ್ಷಿ ಬೇಕಂತೆ!

ಒಂಟಿಕೊಪ್ಪಲಿನಲ್ಲಿರುವ ಅವಳ ಹಳೇ ಶಾಲೆಗೆ ಓಡಿದೆವು. ಹೆಡ್‌ಮಾಸ್ಟರು ಪೆನ್ನನ್ನು ಅವಳ ಕೈಗೇ ಕೊಟ್ಟು, "ನೀನೇ ಬರೆದ್ಬುಡಮ್ಮ, ನಾನು ಸೈನ್ ಹಾಕ್ತೀನಿ," ಅಂದರು.

ವಾಪಸ್ ಬಂದು ಕೊಟ್ಟ ಪತ್ರ ಓದಿದ ಗುಮಾಸ್ತರ ಹುಬ್ಬು ಮೇಲೇರಿತು. "ಇಷ್ಟು ಚೆನ್ನಾಗಿ ಇಂಗ್ಲಿಷ್ ಬರೆಯೋ ಶಾಲೆ ಕನ್ನಡ ಮಾಧ್ಯಮ ಅಂದ್ರೆ ಹೆಂಗ್ರೀ ನಂಬೋದು?"

ನನಗೆ ಮೈಯೆಲ್ಲ ಉರಿಯಿತು. ಮಗಳು ಮಾತ್ರ ತಣ್ಣಗೆ ಕೇಳಿದಳು: "ನಾಲ್ಕು ತಪ್ಪು ಸೇರಿಸ್ಕೊಂಡು ಬರ್ಲಾ ಸಾರ್?"

ಆ ಪುಣ್ಯಾತ್ಮರು ನಿಜಕ್ಕೂ ಒಂದು ನಿಮಿಷ ಯೋಚಿಸಿ, ಆಮೇಲೆ ಸೀಲು ಒತ್ತಿದರು.