ಅತ್ತೆ ಮುಟ್ಟದ ನಾಯಿ

ಹೇಳಿದರೆ ನೀವು ನಗುತ್ತೀರಿ. ನಕ್ಕುಬಿಡಿ, ಬೇಜಾರಿಲ್ಲ. ಯಾರಾದರೂ ಇಂಥದ್ದನ್ನು ಹೇಳಲು ಬಂದರೆ ನಾನೂ ನಗುತ್ತಿದ್ದವಳೇ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ದೆವ್ವ, ಆತ್ಮ ಎಂದರೆ ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿಗೆ ಆಡಿಕೊಳ್ಳುವ ವಿಷಯ, ಅಷ್ಟೇ. ಮೂರು ವರ್ಷಗಳ ಹಿಂದೆ ನೇಪಾಳದ ಒಂದು ಬೆಟ್ಟದ ಮೇಲೆ, ಅದೂ ಹಾಡಹಗಲಿನಲ್ಲಿ, ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ.

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಒಂದು ಬೀದಿ ನಾಯಿ ಇದೆ. ಬಾಲ ಸುರುಳಿ ಸುತ್ತಿಕೊಂಡಿರುವುದರಿಂದ ಅದರ ಹೆಸರು ಚಕ್ಕುಲಿ. ಜ್ಞಾನಭಾರತಿಯಲ್ಲಿ ಪಾಠ ಮಾಡುವ ನನ್ನ ಗಂಡ ಒಂದು ಸಂಜೆ ಮರಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದಾಗ ಅತ್ತೆ ದೊಡ್ಡ ರಂಪವನ್ನೇ ಮಾಡಿದ್ದರು. ಅವರದು ಕಟ್ಟುನಿಟ್ಟಿನ ಮಡಿ. ಒಣಹಾಕಿದ ಮಡಿಸೀರೆಯನ್ನು ನಾವೇ ಮುಟ್ಟುವಂತಿರಲಿಲ್ಲ, ಇನ್ನು ನಾಯಿಯ ಮಾತೆಲ್ಲಿ? ಆದರೆ ತಿಂಗಳೊಳಗೆ ಅದರ ಊಟದ ಉಸಾಬರಿಯನ್ನು ಬೇರೆ ಯಾರಿಗೂ ಬಿಟ್ಟುಕೊಡದ ಹಾಗಾದರು. ದಿನಾ ಹನ್ನೊಂದೂವರೆಗೆ ಪೂಜೆ ಮುಗಿಸಿ, ಮೊಸರನ್ನ ಕಲಸಿ, ಹಿತ್ತಲಿನ ಕಲ್ಲಿನ ಮೇಲೆ ಮೊಳದೆತ್ತರದಿಂದ ಹಾಕುತ್ತಿದ್ದರು. "ದೂರ, ದೂರ ನಿಂತ್ಕೋ. ಹೂಂ, ಈಗ ತಿನ್ನು ನನ್ನಪ್ಪ" ಎನ್ನುತ್ತಿದ್ದರು. ಒಂಬತ್ತು ವರ್ಷ ಹೀಗೇ ನಡೆಯಿತು. ಅವರ ಬೆರಳ ತುದಿಯೂ ಅದಕ್ಕೆ ಸೋಕಲಿಲ್ಲ. ಅದೂ ಜಾಣ, ಸೀರೆಯ ಅಂಚಿಗೆ ತಾಗದಷ್ಟು ದೂರದಲ್ಲೇ ಬಾಲ ಆಡಿಸುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಚಕ್ಕುಲಿ ಊಟ ಬಿಟ್ಟಿತು. ಅದೇ ಅಕ್ಕಿ, ಅದೇ ಮೊಸರು, ಕಲಸುವ ಕೈ ಮಾತ್ರ ನನ್ನದು. ಮೂಸಿ ನೋಡಿ ಹೋಗಿ ಮಲಗಿಬಿಡುತ್ತಿತ್ತು. ದಿನಕ್ಕೆ ನಾಲ್ಕು ಬಿಸ್ಕತ್ತಿನ ಮೇಲೆ ಜೀವ ಹಿಡಿದುಕೊಂಡಿತ್ತು. ಡಾಕ್ಟರು ರೋಗವೇನೂ ಇಲ್ಲ, ಜಾಗ ಬದಲಾದರೆ ಸರಿಹೋಗಬಹುದು ಎಂದರು. ಬೇಸಿಗೆ ರಜೆಗೆಂದು ನೇಪಾಳದ ಹಳ್ಳಿಯೊಂದರಲ್ಲಿ ಕಾಟೇಜ್ ಮೊದಲೇ ಗೊತ್ತುಮಾಡಿದ್ದೆವು. ಬಿಟ್ಟು ಹೋದರೆ ಉಳಿಯುವುದಿಲ್ಲವೆಂಬ ಭಯಕ್ಕೆ ಕಾರಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಕಿ ಅದನ್ನೂ ಕರೆದುಕೊಂಡು ಹೊರಟೆವು. ಸತ್ತ ವರ್ಷದೊಳಗೆ ಕ್ಷೇತ್ರಗಳಿಗೆ ಹೋಗಬಾರದು ಎಂದು ನಾದಿನಿ ನೆನಪಿಸಿದಳು. "ಕ್ಷೇತ್ರಕ್ಕಲ್ಲ ಕಣೇ, ನಾಯಿಗೆ ಹವಾ ಬದಲಾವಣೆಗೆ" ಎಂದೆ. ಅವಳು ಹಣೆ ಚಚ್ಚಿಕೊಂಡಳು.

ಐದು ದಿನದ ದಾರಿ. ಗಡಿಯಲ್ಲಿ ಕಾರಿನ ಕಾಗದಗಳ ಜೊತೆ ಚಕ್ಕುಲಿಯ ಚುಚ್ಚುಮದ್ದಿನ ಪುಸ್ತಕವನ್ನೂ ತೋರಿಸಿ ದಾಟಿದೆವು. ಕಾಟೇಜ್ ಎಂದರೆ ಕಲ್ಲಿನ ಗೋಡೆಯ ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಎದುರಿಗೆ ಹಿಮದ ಬೆಟ್ಟಗಳು. ಆ ಬೆಟ್ಟಗಳನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಅಲ್ಲಿಗೆ ತಲುಪಿದ ದಿನದಿಂದ ಚಕ್ಕುಲಿ ಬಿಸ್ಕತ್ತನ್ನೂ ಬಿಟ್ಟಿತು. ಮಾರನೆಯ ದಿನ ನೀರೂ ಬೇಡವಾಯಿತು. ಎತ್ತಿಕೊಂಡರೆ ಪಕ್ಕೆಲುಬು ಕೈಗೆ ಸಿಗುತ್ತಿತ್ತು. ವಯಸ್ಸಾದ ಜೀವವನ್ನು ಇಷ್ಟು ದೂರ ತಂದು ಕೊಲ್ಲುತ್ತಿದ್ದೇವಲ್ಲ ಎನ್ನಿಸಿತು. ಮೂರನೆಯ ದಿನ ಬೆಳಿಗ್ಗೆ ಗಂಡ ಪಶುವೈದ್ಯರನ್ನು ಹುಡುಕಿಕೊಂಡು ಕೆಳಗಿನ ಪೇಟೆಗೆ ಹೋದರು.

ಚಳಿಗೆ ಬಾಗಿಲು ಕಿಟಕಿ ಎಲ್ಲ ಹಾಕಿಕೊಂಡು ನಾನೊಬ್ಬಳೇ ಇದ್ದೆ. ಮನಸ್ಸು ತಡೆಯದೆ ಇನ್ನೊಮ್ಮೆ ಮೊಸರನ್ನ ಕಲಸಿ ತಟ್ಟೆಯಲ್ಲಿಟ್ಟು, "ತಿನ್ನೋ, ನಿನ್ನ ದಮ್ಮಯ್ಯ" ಎಂದು ಗೋಗರೆದೆ. ಅದು ಕಣ್ಣೂ ತೆರೆಯಲಿಲ್ಲ. ಪಾತ್ರೆ ತೊಳೆಯಲು ತಿರುಗಿದೆ. ನನ್ನ ವಾಚು ಇನ್ನೂ ನಮ್ಮೂರಿನ ಟೈಮಿನಲ್ಲೇ ಇತ್ತು. ಹನ್ನೊಂದೂವರೆ.

ನೆಲದ ಮೇಲೆ ಉಗುರಿನ ಸದ್ದಾಯಿತು. ತಿರುಗಿ ನೋಡಿದರೆ ಚಕ್ಕುಲಿ ಎದ್ದು ಬಂದು ಕೋಣೆಯ ನಡುವೆ ಕೂತಿದೆ. ತಲೆಯೆತ್ತಿ, ಏನೂ ಇಲ್ಲದ ಕಡೆ ನೋಡುತ್ತ ಬಾಲ ಆಡಿಸುತ್ತಿದೆ. ಆಮೇಲೆ ಅದರ ಹಣೆಯ ಕೂದಲು ಅದುಮಿಕೊಂಡಿತು. ಆ ಅದುಮಿದ ಗುರುತು ತಲೆಯ ಮೇಲೆ ಸ್ವಲ್ಪ ಸರಿದು, ಅಳುಕಿದಂತೆ ಅರ್ಧಕ್ಕೇ ನಿಂತಿತು. ಮತ್ತೆ ಹಣೆಯಿಂದ ಶುರುವಾಗಿ ಎರಡು ಕಿವಿಗಳ ನಡುವೆ ಹಾದು ಕತ್ತಿನವರೆಗೂ ನಿಧಾನವಾಗಿ ಅದುಮುತ್ತ ಹೋಯಿತು. ಕಿವಿಗಳು ಮಡಚಿಕೊಂಡು ಬಿಟ್ಟುಕೊಂಡವು. ಹಿಂದೆಯೇ ಕೂದಲು ಮೇಲೆದ್ದಿತು. ನಾಯಿ ಸಾಕಿದವರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯ ಸಲ ಇನ್ನೂ ಒತ್ತಿಯೇ ಆಯಿತು. ಚಕ್ಕುಲಿ ಕಣ್ಣು ಮುಚ್ಚಿಕೊಂಡು ಸಣ್ಣಗೆ ಕುಂಯ್ ಎಂದಿತು. ಕಿಟಕಿಯ ಪರದೆ ಅಲುಗಿರಲಿಲ್ಲ.

ನನಗೆ ಭಯವಾಗಲಿಲ್ಲ, ದೇವರಾಣೆ. "ಅಯ್ಯೋ ಅತ್ತೆ, ಮಡಿ ಹೋಯ್ತಲ್ಲ!" ಎಂದು ಬಾಯಿಂದ ಬಂದೇಬಿಟ್ಟಿತು. ಚಕ್ಕುಲಿ ಮೈ ಕೊಡವಿಕೊಂಡು ಎದ್ದು, ತಟ್ಟೆಗೆ ಹೋಗಿ, ಒಂದು ಅಗುಳೂ ಬಿಡದೆ ತಿಂದಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳು ತಡೆಯಲಾಗಲಿಲ್ಲ.

ವೈದ್ಯರು ಸಿಗದೆ ಸಂಜೆ ವಾಪಸು ಬಂದ ಗಂಡನಿಗೆ ಎಲ್ಲವನ್ನೂ ಹೇಳಿದೆ. "ಒಣ ಹವೆ ಕಣೇ. ಸ್ಟ್ಯಾಟಿಕ್ ಇರತ್ತೆ" ಎಂದರು. ಎಂಟನೇ ಕ್ಲಾಸಿನ ಮಕ್ಕಳಿಗೆ ಬಾಚಣಿಗೆ ಉಜ್ಜಿ ತೋರಿಸುವವಳು ನಾನೇ. ಅದರಿಂದ ಕೂದಲು ಎದ್ದು ನಿಲ್ಲುತ್ತದೆಯೇ ಹೊರತು ಅದುಮಿಕೊಳ್ಳುವುದಿಲ್ಲ. ನಿದ್ದೆಗೇಡು, ಗಾಬರಿ, ಕಣ್ಣಿನ ಭ್ರಮೆ, ನನಗೆ ತೋಚಿದ ಕಾರಣಗಳನ್ನೆಲ್ಲ ನಾನೇ ಹೇಳಿಕೊಂಡೆ. ಭ್ರಮೆಯೆಂದೇ ಇಟ್ಟುಕೊಳ್ಳೋಣ, ತಟ್ಟೆ ಖಾಲಿಯಾಗಿತ್ತಲ್ಲ.

ವಾಪಸು ಬರುವಾಗ, ಗಡಿ ದಾಟಿ ಬಹಳ ದೂರ ಬಂದ ಮೇಲೆ, ಗಂಡ ಇದ್ದಕ್ಕಿದ್ದಂತೆ ಒಂದು ಮಾತು ತೆಗೆದರು. ಆಸ್ಪತ್ರೆಯಲ್ಲಿ, ಕೊನೆಯ ವಾರ, ನಾನಿಲ್ಲದ ಹೊತ್ತಿನಲ್ಲಿ ಅವರಮ್ಮ ಕೈ ಹಿಡಿದುಕೊಂಡು ಕೇಳಿದ್ದರಂತೆ: "ಅದರ ತಲೆ ಮೆತ್ತಗಿರತ್ತೇನೋ?" ಯಾವುದರ ತಲೆ ಎಂದು ಇವರಿಗೆ ತಕ್ಷಣ ತಿಳಿಯಲಿಲ್ಲವಂತೆ. ತಿಳಿಯುವಷ್ಟರಲ್ಲಿ ಅಮ್ಮನಿಗೆ ಜೊಂಪು ಹತ್ತಿತ್ತಂತೆ.

"ಉತ್ತರ ಹೇಳ್ಲೇ ಇಲ್ಲ ಕಣೇ ನಾನು" ಎಂದರು.

"ಬಿಡಿ, ಅವರಿಗೆ ಗೊತ್ತಾಗಿದೆ" ಎಂದೆ. ಯಾವ ಧೈರ್ಯದ ಮೇಲೆ ಹಾಗೆಂದೆನೋ, ಇವತ್ತಿಗೂ ನನಗೆ ತಿಳಿಯದು.