ಯಾರೂ ಕಾಣದ ಹಾವು

ತೊಂಬತ್ತರ ದಶಕದ ಆರಂಭ. ನರ್ಸಿಂಗ್ ಪದವಿ ಮುಗಿಸಿ ಸಿಂಧನೂರಿನ ಒಂದು ಆಸ್ಪತ್ರೆಗೆ ಸೇರಿದ ಮೊದಲ ವರ್ಷ, ವಳಕಮದಿನ್ನಿಯ ರೈತನೊಬ್ಬ ನಮ್ಮ ವಾರ್ಡಿಗೆ ದಾಖಲಾದ. ವಯಸ್ಸು ಮೂವತ್ತೈದು ದಾಟಿರಲಿಲ್ಲ. ಕಾಲು ಬಾತಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹೃದಯದ ಸ್ನಾಯು ಸೋತು ಹಿಗ್ಗಿದೆ ಎಂದರು ಡಾಕ್ಟರು. ಬೆಳಿಗ್ಗೆ ಅವನ ತೂಕ ನೋಡುವುದು, ಕುಡಿದ ನೀರು, ಹೋದ ಮೂತ್ರ ಅಳೆದು ಬರೆಯುವುದು ನನ್ನ ಕೆಲಸ. ಅವನ ಕೇಸ್ ಹಾಳೆಯ ಮೇಲೆ ಮನೆತನದ ಕಾಯಿಲೆ ಎಂಬ ಜಾಗದಲ್ಲಿ ಯಾರೋ ಆಗಲೇ 'ಇಲ್ಲ' ಎಂದು ಬರೆದಿದ್ದರು. ಆದರೂ ಅವನ ತಾಯಿಯನ್ನು ಕೇಳಿದೆ.

"ಎದಿ ಬ್ಯಾನಿ ನಮ್ಮ ಮನ್ಯಾಗ ಯಾರಿಗೂ ಇಲ್ಲವ್ವಾ. ಇವರಪ್ಪಗ ಹಾವು ಕಡದಿತ್ತು. ನಮ್ಮ ಮೈದುನಗೂ ಹಾವ."

"ಹಾವು ಯಾರರ ನೋಡಿದ್ರೇನು? ಕಡದ ಗುರುತಿತ್ತೇನು?"

"ಗದ್ದ್ಯಾಗ ನಿಂತ ಗಂಡಸು ದಬಕ್ಕನ ಬಿದ್ದು ಸತ್ತಾನಂದ್ರ ಹಾವಲ್ದ ಮತ್ತೇನಿರ್ತೈತಿ? ನೀ ಓದಿದಾಕಿ, ಅಷ್ಟೂ ತಿಳಿಯಂಗಿಲ್ಲೇನು?"

ಕಾಲುವೆ ನೀರು ಬಂದು ಹಾವು ಹೆಚ್ಚಿದ ಮೇಲೆ ನಮ್ಮ ಕಡೆ ಗದ್ದೆಯ ಸಾವಿಗೆಲ್ಲ ಜನ ಹೇಳುವುದು ಅದೊಂದೇ ಕಾರಣ. ನಾನು ಹಾಳೆಯ ಹಿಂದೆ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಹಾಕಿ ಅವರ ಮನೆತನ ಬರೆದೆ. ತೀರಿಹೋದವರ ಎರಡು ಚೌಕಗಳಿಗೆ ಗೆರೆ ಎಳೆದೆ. ಮೂರನೆಯವನು ಎದುರಿನ ಮಂಚದಲ್ಲಿದ್ದ. ಉಳಿದದ್ದು ಅವನ ತಂಗಿಯ ಸೊನ್ನೆ. ಮಸ್ಕಿಯಲ್ಲಿ ಗಂಡನ ಮನೆ, ಏಳು ತಿಂಗಳ ಬಸುರಿ.

"ಆಕಿಗೂ ನಾಕು ಮೆಟ್ಲ ಹತ್ತಿದ್ರ ತೇಕು ಬರ್ತೈತಿ. ಬಸುರಾದಾಗ ಎಲ್ಲಾರಿಗೂ ಹಂಗ," ಎಂದು ತಾಯಿ ನಕ್ಕಳು.

ನನಗೆ ನಗು ಬರಲಿಲ್ಲ. ಅಣ್ಣನ ಕಾಯಿಲೆ ಅವಳಿಗೂ ಇದ್ದರೆ ಆ ಹೃದಯ ಹೆರಿಗೆ ತಾಳುವುದೇ? ಹಾಳೆ ನೋಡಿದ ಡಾಕ್ಟರು ತಾವೇ 'ಇಲ್ಲ'ವನ್ನು ಹೊಡೆದು ಹಾಕಿದರು. ಆ ಇಬ್ಬರನ್ನೂ ಕೊಂದದ್ದು ಹಾವಲ್ಲ, ಇದೇ ಕಾಯಿಲೆ ಇರಬಹುದು ಎಂದು ತಾಯಿಗೆ ಹೇಳಿದರು. ತಂಗಿಯನ್ನು ಹೃದಯದ ಸ್ಕ್ಯಾನಿಗೆ ರಾಯಚೂರಿಗೆ ಕಳಿಸಲು ಚೀಟಿ ಬರೆದರು.

ಐದು ದಿನ ವಾರ್ಡಿನ ಬಾಗಿಲು ತೆರೆದಾಗಲೆಲ್ಲ ತಂಗಿಯೇ ಬಂದಳೇನೋ ಎಂದು ತಿರುಗಿ ನೋಡುತ್ತಿದ್ದೆ. ಆರನೆಯ ದಿನ ತಂಗಿ ವಾರ್ಡಿಗೆ ಬಂದು ವರದಿ ಕೈಗಿಟ್ಟಳು. ಹೃದಯದ ಗಾತ್ರ, ಬಡಿತದ ಬಲ, ಎಲ್ಲ ಸರಿಯಾಗಿತ್ತು. ಎರಡು ಸಲ ಓದಿದೆ. ನಮ್ಮಲ್ಲಿ ರಕ್ತ ಪರೀಕ್ಷಿಸಿದಾಗ ರಕ್ತಹೀನತೆ ಕಂಡಿತು. ತೇಕಿಗೆ ಅದೇ ಕಾರಣ, ಕಬ್ಬಿಣದ ಗುಳಿಗೆ ಕೊಟ್ಟರು.

"ಹಡದ ಮ್ಯಾಲೆ ಮತ್ತೊಮ್ಮೆ ತೋರಿಸ್ಬೇಕು. ಆಮ್ಯಾಲೂ ಎರಡು ಮೂರು ವರ್ಷಕ್ಕೊಮ್ಮೆ. ಈ ಬ್ಯಾನಿ ಮುಂದರ ಬರಬಹುದು," ಎಂದೆ. ಅವಳು ತಲೆಯಾಡಿಸಿದಳು. ಅಣ್ಣನ ಕಾಲಿನ ಬಾವೂ ಅಷ್ಟರಲ್ಲಿ ಇಳಿದಿತ್ತು.

ತಾಯಿ ಮಾತ್ರ ಯೋಚಿಸುತ್ತ ಕೂತಿದ್ದಳು. "ಮೈದುನ ಹೋದಾಗಿಂದ ಪಂಚಮಿಗಿ ನಾ ಹಾಲು ಎರದಿಲ್ಲ, ಸಿಟ್ಟಿಗೆ."

"ಈ ಸಲ ಎರೀತಿಯೇನಬೇ?" ಮಗ ಮಲಗಿದಲ್ಲಿಂದಲೇ ಕೇಳಿದ.

"ಎರೀಬೇಕಲ್ಲೋ. ತಪ್ಪಾತಪ್ಪಾ ನಾಗಪ್ಪ, ನೀ ಅಲ್ಲಂತ, ಅಂತ ಹೇಳಿ ಬರ್ತೀನಿ."